ಅಪ್ಪನ ರಿವಾಲ್ವರ್ ಕಡೂರಿಗೆ ಬಂದದ್ದು

ಕಡೂರಿನಲ್ಲಿ ಬಾಡಿಗೆ ಮನೆ ಕೇಳಿಕೊಂಡು ಹೋದಾಗ ಯಜಮಾನರು ಮೊದಲು ಕೇಳಿದ್ದು ನನ್ನ ಜಾತಿಯನ್ನಲ್ಲ, ಸಂಬಳವನ್ನೂ ಅಲ್ಲ. ಇಂಡಿ ತಾಲ್ಲೂಕು, ಭೀಮಾ ನದಿ ದಂಡೆಯ ಊರು ಎಂದು ನಾನು ಹೇಳುತ್ತಿದ್ದ ಹಾಗೆಯೇ ಅವರು ಒಳಗಿದ್ದ ಹೆಂಡತಿಯ ಕಡೆ ತಿರುಗಿ, "ಭೀಮಾ ತೀರದವ್ರಂತೆ ಕಣೇ," ಎಂದು ನಕ್ಕರು. ಆಮೇಲೆ ನನ್ನ ಸೂಟ್‌ಕೇಸಿನ ಕಡೆ ಕೈ ತೋರಿಸಿ, "ಅದ್ರಲ್ಲಿ ಗನ್ನು ಗಿನ್ನು ಏನೂ ಇಲ್ಲ ತಾನೆ ಮೇಡಂ? ನಿಮ್ ಕಡೆ ಎಲ್ರತ್ರೂ ಇರ್ತದಂತಲ್ಲ," ಎಂದರು.

ತಮಾಷೆಗೆ ಕೇಳಿದ್ದು. ನಾನೂ ನಕ್ಕೆ. ಆದರೆ ಒಂದಿಡೀ ರಾತ್ರಿ ರೈಲಿನಲ್ಲಿ ಕುಳಿತು ಯಾವ ಮಾತಿನಿಂದ ದೂರ ಬಂದಿದ್ದೆನೋ ಅದೇ ಮಾತು ಹೊಸ ಊರಿನ ಹೊಸ್ತಿಲಲ್ಲಿ ನನಗಿಂತ ಮೊದಲೇ ಬಂದು ನಿಂತಿತ್ತು. ಯಜಮಾನರ ಹೆಸರು ನಂಜುಂಡಪ್ಪ, ಅವರ ಹೆಂಡತಿ ಸರೋಜಮ್ಮ. ಊರ ಹೊರಗೆ ತೆಂಗಿನ ತೋಟ, ಊರೊಳಗೆ ಎರಡು ಅಂತಸ್ತಿನ ಮನೆ. ಮೇಲಿನ ಅಂತಸ್ತು ನನಗೆ ಸಿಕ್ಕಿತು.

ನಾನು ದನದ ಡಾಕ್ಟರು. ಕಡೂರಿನಿಂದ ಎಮ್ಮೆದೊಡ್ಡಿಯ ಕಡೆ ಹೋಗುವ ರಸ್ತೆಯ ಒಂದು ಹಳ್ಳಿಯಲ್ಲಿ ನನ್ನ ಆಸ್ಪತ್ರೆ. ಇದನ್ನು ನಮ್ಮ ಇಂಡಿಯ ಕಡೆಯವರು ಓದುತ್ತೀರಿ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಅಪ್ಪನ ತಮ್ಮ, ನಮ್ಮ ಕಾಕಾನೂ ಓದುತ್ತಾನೆ. ಓದಿ ಸಿಟ್ಟಾಗುತ್ತಾನೆ. ಆಗಲಿ.

ನಮ್ಮ ಅಪ್ಪನಿಗೆ ನಿಂಬೆ ತೋಟವಿತ್ತೆಂಬುದು ನಿಮಗೆ ಗೊತ್ತು. ಬದುವಿನ ವಿಷಯಕ್ಕೆ ದಾಯಾದಿಗಳೊಡನೆ ಜಗಳವಿದ್ದದ್ದೂ, ಒಮ್ಮೆ ತೋಟದ ಹಾದಿಯಲ್ಲಿ ಅವನ ಮೇಲೆ ಗುಂಡು ಹಾರಿ ಅದು ಗುರಿ ತಪ್ಪಿದ್ದೂ ಗೊತ್ತು. ಅದಾದ ಮೇಲೆ ಅಪ್ಪ ಲೈಸೆನ್ಸ್ ತೆಗೆದುಕೊಂಡು ಒಂದು ರಿವಾಲ್ವರ್ ಕೊಂಡ. ಅದು ಅವನ ಬಲ ಸೊಂಟದಲ್ಲಿ, ಅಂಗಿಯ ಒಳಗೆ ಇರುತ್ತಿತ್ತು. ನಿಮಗೆ ಗೊತ್ತಿಲ್ಲದ್ದು ಇಷ್ಟೆ: ಅಪ್ಪ ನನ್ನನ್ನು ಯಾವಾಗಲೂ ಎಡಗಡೆಗೇ ಎತ್ತಿಕೊಳ್ಳುತ್ತಿದ್ದ. ಓಡಿ ಬಂದು ಬಲಗಡೆಯಿಂದ ತಬ್ಬಿಕೊಂಡರೆ ಬೈಯುತ್ತಿದ್ದ. ಮದುವೆ ಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವ ಹಾಗೆ ಕುಳಿತೇ ಊಟ ಮಾಡುತ್ತಿದ್ದ. ಅಷ್ಟು ವರ್ಷ ಹೊತ್ತರೂ ಅದನ್ನು ಯಾರ ಮೇಲೂ ಹಾರಿಸಲಿಲ್ಲ. ನಾನು ಕಡೂರಿಗೆ ಬಂದ ಮರುವರ್ಷ ಎದೆನೋವು ಬಂದು ಆಸ್ಪತ್ರೆಯ ಮಂಚದ ಮೇಲೆ ತೀರಿಕೊಂಡ. ರಿವಾಲ್ವರನ್ನು ಕಾಕಾ ಪೊಲೀಸ್ ಠಾಣೆಗೆ ಒಪ್ಪಿಸಿದ. ಅಲ್ಲಿಗೆ ಅದರ ಕಥೆ ಮುಗಿಯಿತು ಎಂದುಕೊಂಡಿದ್ದೆ.

ಬಂದ ಹೊಸದರಲ್ಲಿ ಕಡೂರು ನನಗೆ ಇಷ್ಟವಾದದ್ದು ಒಂದೇ ಕಾರಣಕ್ಕೆ. ಇಲ್ಲಿ ಸಂಜೆ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಗಂಡಸರು ಬಾಗಿಲಿಗೆ ಬೆನ್ನು ಮಾಡಿ ಕುಳಿತು ಕಾಫಿ ಕುಡಿಯುತ್ತಿದ್ದರು. ಹಿಂದೆ ಯಾರು ಬಂದರೆಂದು ಯಾರೂ ತಿರುಗಿ ನೋಡುತ್ತಿರಲಿಲ್ಲ. ಅಷ್ಟು ನಿಶ್ಚಿಂತೆಯಿಂದ ಗಂಡಸರು ಕೂರಬಹುದು ಎಂಬುದೇ ನನಗೆ ಹೊಸದು.

ಉಳಿದದ್ದೆಲ್ಲ ಕಷ್ಟವೇ. ಎರಡೂ ಕಡೆ ಆಡುವುದು ಕನ್ನಡವೇ ಆದರೂ ಮೊದಲ ತಿಂಗಳುಗಳಲ್ಲಿ ನನ್ನ ಮಾತು ಇವರಿಗೆ, ಇವರ ಮಾತು ನನಗೆ ಅರ್ಧ ದಾರಿಯಲ್ಲೇ ಉಳಿಯುತ್ತಿತ್ತು. ನಾನು ಆಕಳ ಎಂದರೆ ಇವರು ಹಸ ಅನ್ನುತ್ತಾರೆ. ಇನ್ನೂ ಕರು ಹಾಕದ ನಮ್ಮ ಮಣಕ ಇವರ ಬಾಯಲ್ಲಿ ಕಡಸು. ಒಂದು ಬೆಳಿಗ್ಗೆ ಯಾರೋ ಫೋನ್ ಮಾಡಿ, "ಡಾಕ್ಟ್ರೇ, ನಿನ್ನೆಯಿಂದ ಕಸ ಬಿದ್ದಿಲ್ಲ, ಬೇಗ ಬನ್ನಿ," ಎಂದರು. ಕಸ ಬೀಳದಿದ್ದರೆ ನನ್ನನ್ನೇಕೆ ಕರೆಯುತ್ತಾರೆ ಎಂದು ಒಂದು ಕ್ಷಣ ಸಿಟ್ಟು ಬಂತು. ಕರು ಹಾಕಿದ ಮೇಲೆ ಬೀಳಬೇಕಾದ ಮಾಸಿಗೆ ಇಲ್ಲಿ ಕಸ ಎನ್ನುತ್ತಾರೆಂದು ಹೋಗಿ ನೋಡಿದ ಮೇಲೇ ತಿಳಿದದ್ದು. ನಾನು ಎಲ್ಲರಿಗೂ ರೀ ಹಚ್ಚಿ ಮಾತಾಡಿದರೆ ಇಲ್ಲಿನ ಮುದುಕರಿಗೆ ಜಗಳ ತೆಗೆದ ಹಾಗೆ ಕೇಳುತ್ತಿತ್ತು. ಮುದ್ದೆಯನ್ನು ಜೋಳದ ರೊಟ್ಟಿಯಂತೆ ಅಗಿಯುತ್ತಿದ್ದ ನನ್ನನ್ನು ಸರೋಜಮ್ಮ ನಾಲ್ಕು ದಿನ ನೋಡಿ, ಐದನೆಯ ದಿನ ತಡೆಯಲಾರದೆ, "ಅದು ಹಲ್ಲಿಗಲ್ಲ ಕಣಮ್ಮ, ಗಂಟಲಿಗೆ," ಎಂದರು.

ಸಂಜೆಯ ಹೊತ್ತು ಮಾತ್ರ ಉದ್ದ. ಮಹಡಿಯ ಮೇಲೆ ನಿಂತು ರೈಲು ಹೋಗುವ ಸದ್ದು ಕೇಳುತ್ತಾ, ಅದು ನಮ್ಮ ಕಡೆ ಹೋಗುವ ರೈಲೋ ಅಲ್ಲವೋ ಎಂದು ಯೋಚಿಸುತ್ತಾ ನಿಲ್ಲುತ್ತಿದ್ದೆ.

ನನ್ನ ಮೊದಲ ಗೆಲುವು ಗಂಗಮ್ಮನ ಕೊಟ್ಟಿಗೆಯಲ್ಲಿ. ಎಮ್ಮೆದೊಡ್ಡಿಯ ಕಾವಲಿಗೆ, ಅಂದರೆ ಅಮೃತ್ ಮಹಲ್ ದನಗಳು ಮೇಯುವ ಹುಲ್ಲುಗಾವಲಿಗೆ, ಅಂಟಿಕೊಂಡಂತಿರುವ ಹಳ್ಳಿಯವಳು ಆಕೆ. ಅವಳ ಹಸುವಿನ ಹೊಟ್ಟೆಯಲ್ಲಿ ಕರು ಕಾಲು ಮಡಚಿಕೊಂಡು ಸಿಕ್ಕಿಬಿದ್ದಿತ್ತು. ಹೆಂಗಸು ಡಾಕ್ಟರು ಬಂದಳೆಂದು ಗಂಡಸರು ಮೊದಲು ಮುಖ ಮುಖ ನೋಡಿಕೊಂಡರು. ಮಧ್ಯಾಹ್ನವಿಡೀ ಭುಜದವರೆಗೆ ಕೈ ಹಾಕಿ ಕಾಲು ಬಿಡಿಸಿ ಎಳೆದೆ. ಕರು ಉಸಿರಾಡಿತು. ಎರಡು ದಿನ ಬಿಟ್ಟು ಗಂಗಮ್ಮ ಆಸ್ಪತ್ರೆಗೇ ಗಿಣ್ಣು ತಂದುಕೊಟ್ಟಳು. ಗಿಣ್ಣಿಗೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಹೆಸರು ಎಂದು ತಿಳಿದಾಗ ನನಗೆ ಅಳು ಬಂತು. ಅಂದಿನಿಂದ ನಾನು ಆ ಸುತ್ತಿನ ಹಳ್ಳಿಗಳಿಗೆಲ್ಲ ಡಾಕ್ಟ್ರಮ್ಮ.

ಇನ್ನು ಲೋಕೇಶನ ವಿಷಯ. ಹಳ್ಳಿಯವರಿಗೆ ಹಸುವಿನ ಸಾಲ ಕೊಡಿಸುವುದು, ಹಸುವಿಗೆ ವಿಮೆ ಮಾಡಿಸುವುದು, ಸತ್ತರೆ ವಿಮೆಯ ಹಣ ಬಿಡಿಸಿ ತನ್ನ ಪಾಲು ಹಿಡಿದುಕೊಳ್ಳುವುದು ಅವನ ಕಸುಬು. ಇಸ್ತ್ರಿ ಮಾಡಿದ ಬಿಳಿ ಅಂಗಿ, ನಗುಮುಖ. ಒಂದು ದಿನ ಅವನು ಆಸ್ಪತ್ರೆಗೆ ಬಂದು ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಕವರ್ ಇಟ್ಟ.

"ಒಂದು ಹಸ ಸತ್ತೋಯ್ತು ಮೇಡಂ. ಪೋಸ್ಟ್‌ಮಾರ್ಟಂ ಆಯ್ತು ಅಂತ ಬರ್ಕೊಟ್ಬಿಡಿ. ಕಿವಿ ತಂದಿದೀನಿ."

ವಿಮೆ ಮಾಡಿದ ಹಸುವಿನ ಕಿವಿಗೆ ನಂಬರಿನ ಓಲೆ ಹಾಕಿರುತ್ತಾರೆ. ಕವರಿನೊಳಗೆ ಆ ಓಲೆ ಸಮೇತ ಕತ್ತರಿಸಿದ ಕಿವಿ ಇತ್ತು. ನಾನು ಕವರ್ ಬಿಡಿಸಿ ನೋಡಿದೆ. ಸತ್ತ ಮೇಲೆ ಕೊಯ್ದ ಕಿವಿ ಹಾಗೆ ರಕ್ತ ಸುರಿಸುವುದಿಲ್ಲ. ಕವರಿನ ತಳದಲ್ಲಿ ರಕ್ತ ಮಡುಗಟ್ಟಿತ್ತು, ಅಂಚಿನಲ್ಲಿ ಹೆಪ್ಪುಗಟ್ಟಿತ್ತು.

"ಇದು ಜೀವಂತ ಹಸುವಿನ ಕಿವಿ," ಎಂದೆ.

ಅವನ ನಗು ಹೋಗಲಿಲ್ಲ. "ಹಸ ಅದರ ಪಾಡಿಗೆ ಚೆನ್ನಾಗೇ ಇರ್ತದೆ ಬಿಡಿ ಮೇಡಂ. ಒಂದು ಕಿವಿ ಇಲ್ಲದಿದ್ರೆ ಹಾಲು ಕಮ್ಮಿ ಆಗ್ತದಾ?"

ನಾನು ಕವರಿನ ಬಾಯಿ ಮುಚ್ಚಿ ದೂರ ಸರಿಸಿದೆ. ಹುಳು ಬಿದ್ದ ಗಾಯ, ಕೊಳೆತ ಗೊರಸು ನನ್ನ ದಿನನಿತ್ಯದ ಕೆಲಸ. ಅವು ಯಾವುವೂ ಹೀಗೆ ಹೇಸಿಗೆ ಹುಟ್ಟಿಸಿರಲಿಲ್ಲ. ಬರೆದುಕೊಡುವುದಿಲ್ಲ, ಹಸುವನ್ನು ಕರೆದುಕೊಂಡು ಬಾ, ಮೊದಲು ಗಾಯಕ್ಕೆ ಔಷಧಿ ಹಾಕುತ್ತೇನೆ ಎಂದೆ. ವಿಮೆಯವರಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಲೋಕೇಶ ಕವರನ್ನು ಮೇಜಿನ ಮೇಲೇ ಬಿಟ್ಟು ಹೋದ. ಅದನ್ನು ಹಿತ್ತಲಿನಲ್ಲಿ ನಾನೇ ಹೂತೆ.

ಆ ವಾರವೇ ಒಂದು ಸಂಜೆ ಕಾವಲಿನ ಪಕ್ಕದ ರಸ್ತೆಯಲ್ಲಿ ಸ್ಕೂಟರಿನಲ್ಲಿ ಬರುತ್ತಿದ್ದಾಗ ಹಿಂದಿನಿಂದ ಬಂದ ಬೈಕು ಅಡ್ಡ ನಿಂತಿತು. ಬೈಕು ಓಡಿಸುತ್ತಿದ್ದವನ ಮುಖಕ್ಕೆ ಟವೆಲ್ ಸುತ್ತಿತ್ತು. ಹಿಂದೆ ಕುಳಿತಿದ್ದ ಲೋಕೇಶ ಮುಖ ಮುಚ್ಚಿಕೊಂಡಿರಲಿಲ್ಲ, ಮುಚ್ಚಿಕೊಳ್ಳುವ ಅಗತ್ಯವೇ ಅವನಿಗೆ ಕಂಡಿರಲಿಲ್ಲ. ಇಳಿದು ಬಂದು ನನ್ನ ಸ್ಕೂಟರಿನ ಕೀ ಕಿತ್ತುಕೊಂಡ.

"ದೂರದಿಂದ ಬಂದಿದೀರ ಮೇಡಂ. ಒಬ್ರೇ ಓಡಾಡ್ತೀರ. ಈ ರೋಡಲ್ಲಿ ಏನಾದ್ರೂ ಆದ್ರೆ ನಿಮ್ ಊರಿಂದ ಜನ ಬರೋ ಹೊತ್ಗೆ ಎರಡು ದಿನ ಆಗ್ತದೆ," ಎಂದು ಮೆಲ್ಲಗೆ, ಕಾಳಜಿ ಮಾಡುವವನಂತೆ ಹೇಳಿ ಕೀಯನ್ನು ಪೊದೆಯೊಳಗೆ ಎಸೆದು ಹೋದ.

ಕೀ ಸಿಗಲಿಲ್ಲ. ಸ್ಕೂಟರ್ ತಳ್ಳಿಕೊಂಡು ಗಂಗಮ್ಮನ ಹಳ್ಳಿಯವರೆಗೆ ನಡೆದೆ. ಹಿಂದೆ ಬೈಕಿನ ಸದ್ದು ಕೇಳಿದಾಗಲೆಲ್ಲ ಅಂಚಿಗೆ ಸರಿದು ನಿಂತೆ. ಮರುದಿನ ಪೊಲೀಸರಿಗೆ ದೂರು ಕೊಟ್ಟೆ. ಅವನನ್ನು ಕರೆಸಿ ಬುದ್ಧಿ ಹೇಳಿದರಂತೆ, ನನಗೂ ಕತ್ತಲಾದ ಮೇಲೆ ಓಡಾಡಬೇಡಿ ಎಂದು ಬುದ್ಧಿ ಹೇಳಿದರು. ದನಗಳಿಗೆ ಕತ್ತಲು ಬೆಳಕಿನ ಲೆಕ್ಕವಿಲ್ಲ ಎಂದು ಅವರಿಗೆ ಯಾರು ಹೇಳಬೇಕು?

ಆಗ ಶುರುವಾಯಿತು ಎಲ್ಲರ ಸಲಹೆ. ತರೀಕೆರೆಯಲ್ಲಿ ನಡೆದ ಸಭೆಯೊಂದರಲ್ಲಿ ಅಜ್ಜಂಪುರದ ಹಿರಿಯ ಸಹೋದ್ಯೋಗಿಯೊಬ್ಬರು, "ಒಂದು ಲೈಸೆನ್ಸ್ ಮಾಡಿಸ್ಕೊಂಬಿಡಮ್ಮ, ಬ್ಯಾಗಲ್ಲಿದ್ರೆ ಧೈರ್ಯ," ಎಂದರು. ನಂಜುಂಡಪ್ಪನವರೂ ಅದನ್ನೇ ಹೇಳಿದರು. ಊರಿನಿಂದ ಕಾಕಾನ ಫೋನ್ ಬಂತು.

"ನಿಮ್ಮಪ್ಪನ ರಿವಾಲ್ವರ್ ಸ್ಟೇಷನ್ನ್ಯಾಗ ಜಂಗ ಹಿಡ್ಯಾಕತ್ತೈತಿ. ನೀ ಒಬ್ಬಾಕಿನ ಮಗಳು. ನಿನ್ನ ಹೆಸರಿಗಿ ಮಾಡಿಸ್ಕೋ ತಂಗಿ. ನಮ್ಮ ಮನಿತನದ ಹೆಣ್ಮಗಳ ಗಾಡಿ ಕೀಲಿ ಕಸ್ಕೊಂಡ ಅಂದ್ರ ನಮಗ ಮಾರಿ ಎಲ್ಲೈತಿ?"

ಹೆದರಿದ್ದು ನಾನು. ನಾಚಿಕೆ ಮಾತ್ರ ಕಾಕಾನ ಮುಖಕ್ಕೆ ಆಗಿತ್ತು. ಅವ್ವ ಫೋನ್ ತೆಗೆದುಕೊಂಡಳು. "ಉಂಡೇನವಾ?" ಎಂದಷ್ಟೇ ಕೇಳಿದಳು.

ನಾನು ಒಪ್ಪಿದೆ. ಯಾರದೋ ಒತ್ತಾಯಕ್ಕೆ ಒಪ್ಪಿದೆ ಎನ್ನುವುದಿಲ್ಲ. ಆ ಸಂಜೆಯ ಮೆಲ್ಲಗಿನ ದನಿ ಕಿವಿಯಲ್ಲೇ ಇತ್ತು. ಕಾಕಾ ಅಲ್ಲಿ ಓಡಾಡಿದ, ನಾನು ಇಲ್ಲಿ ಓಡಾಡಿದೆ. ತರಬೇತಿಗೆ ಹೋದಾಗ ಮನುಷ್ಯಾಕಾರದ ಹಲಗೆಯ ಎದೆಗೆ ಗುರಿ ಇಡಲು ಕಲಿಸಿದರು. "ಮೊದ್ಲ ಸಲಕ್ಕೆ ಚೆನ್ನಾಗಿ ಹೊಡೆದ್ರಿ, ರಕ್ತದಲ್ಲೇ ಬಂದದೆ," ಎಂದು ಕಲಿಸಿದವರು ಹೊಗಳಿದರು. ಕೆಲವು ತಿಂಗಳಲ್ಲಿ ಅಪ್ಪನ ರಿವಾಲ್ವರ್ ನನ್ನ ಹೆಸರಿಗೆ ಬಂತು. ಅದರ ಹಿಡಿ ಅಪ್ಪನ ಅಂಗೈಗೆ ಸವೆದು ನುಣುಪಾಗಿತ್ತು. ಅವನ ನೆನಪಿಗೆಂದು ನನ್ನ ಪಾಲಿಗೆ ಬಂದ ಒಂದೇ ವಸ್ತು ಇದು ಎಂದುಕೊಂಡಾಗ ಅಪ್ಪನ ಮೇಲೇ ಅಸಹ್ಯವಾಯಿತು.

ಆಯುಧ ಹೊತ್ತು ತಿರುಗುವುದು ಹೇಗಿರುತ್ತದೆ ಎಂದು ಹೊರದೆ ಇದ್ದವರಿಗೆ ತಿಳಿಯುವುದಿಲ್ಲ. ನಾನದನ್ನು ಹೆಗಲ ಬ್ಯಾಗಿನ ಒಳಜೇಬಿನಲ್ಲಿ ಇಡುತ್ತಿದ್ದೆ. ಮೊದಲೆಲ್ಲ ಕೊಟ್ಟಿಗೆಗೆ ಹೋದರೆ ಬ್ಯಾಗನ್ನು ಎಲ್ಲೆಂದರಲ್ಲಿ ಎಸೆದು ಕೈ ತೊಳೆದುಕೊಳ್ಳುತ್ತಿದ್ದವಳು ಈಗ ಅದನ್ನು ಎಲ್ಲಿಡಲಿ ಎಂದೇ ಮೊದಲು ಯೋಚಿಸಬೇಕಾಗಿತ್ತು. ಹಸುವಿನೊಳಗೆ ಒಂದು ಕೈ ಇದ್ದಾಗಲೂ ಕಣ್ಣು ಬ್ಯಾಗಿನ ಮೇಲೆ. ಗಂಗಮ್ಮ ಒಮ್ಮೆ ಅದನ್ನು ಗೂಟಕ್ಕೆ ನೇತುಹಾಕಲು ಎತ್ತಿಕೊಂಡು, "ಏನವ್ವಾ ಇಷ್ಟು ಭಾರ, ಕಲ್ಲು ಇಟ್ಕಂಡಿದೀಯಾ?" ಎಂದಳು. ನಾನು ಅವಳ ಕೈಯಿಂದ ಕಿತ್ತುಕೊಂಡೆ. ಕಿತ್ತುಕೊಂಡ ರೀತಿಗೆ ಅವಳು ಒಂದು ಹೆಜ್ಜೆ ಹಿಂದೆ ಸರಿದು ನಿಂತಳು. ಆ ದಿನ ಅವಳು ಮಜ್ಜಿಗೆ ಕೊಟ್ಟಳು, ಆದರೆ ಪಕ್ಕದಲ್ಲಿ ಕೂರಲಿಲ್ಲ.

ಸುದ್ದಿ ನಿಲ್ಲಲಿಲ್ಲ. ನಂಜುಂಡಪ್ಪನವರಿಗೆ ಅದೊಂದು ಹಬ್ಬವಾಯಿತು. ಒಂದು ಭಾನುವಾರ ನಾಲ್ಕು ಜನ ಸ್ನೇಹಿತರನ್ನು ಕರೆದುಕೊಂಡು ಮೇಲೆ ಬಂದರು.

"ಸ್ವಲ್ಪ ತೋರ್ಸಿ ಮೇಡಂ. ಇವ್ರು ನಂಬಲ್ಲ ಅಂತಾರೆ."

"ಅದು ತೋರಿಸೋ ವಸ್ತು ಅಲ್ಲ," ಎಂದೆ.

"ಮುಟ್ಟಲ್ಲ ಕಣ್ರೀ, ಒಂದು ಸಲ ನೋಡ್ತೀವಿ," ಎಂದು ಅವರಲ್ಲೊಬ್ಬರು ಹಲ್ಲು ಕಿರಿದರು. ಮದುವೆಗೆ ಹೆಣ್ಣು ನೋಡಲು ಬಂದವರ ಕಣ್ಣಿನಲ್ಲಿ ಇರುವಂಥದೇ ಆಸೆ, ಅದೇ ಕುತೂಹಲ. ನಾನು ಬಾಗಿಲು ಹಾಕಿಕೊಂಡೆ. ಹೊರಗೆ ನಗು ಕೇಳಿಸಿತು. "ಭೀಮಾ ತೀರ ಅಂದ್ರೆ ಸುಮ್ನೆನಾ?" ಎಂದರು ನಂಜುಂಡಪ್ಪ, ಹೆಮ್ಮೆಯಿಂದ.

ಇನ್ನೊಂದು ಸಂಜೆಯ ವಿಷಯ ಹೇಳಬೇಕು. ಅದೇ ಕಾವಲಿನ ರಸ್ತೆ. ಹಿಂದೆ ಒಂದು ಬೈಕು ಬರುತ್ತಿತ್ತು. ನಾನು ನಿಧಾನ ಮಾಡಿದರೆ ಅದೂ ನಿಧಾನ, ಜೋರು ಮಾಡಿದರೆ ಅದೂ ಜೋರು. ಹಾರ್ನ್ ಹೊಡೆಯುತ್ತಲೇ ಇತ್ತು. ಸ್ಕೂಟರನ್ನು ಅಂಚಿಗೆ ತೆಗೆದುಕೊಂಡು ನಿಲ್ಲಿಸಿ, ಬ್ಯಾಗಿನೊಳಗೆ ಕೈ ಹಾಕಿದೆ. ಹಿಡಿ ಸಿಕ್ಕಿತು. ಬೆರಳು ಎಲ್ಲಿರಬೇಕೋ ಅಲ್ಲಿಗೆ ತಾನಾಗಿ ಹೋಯಿತು. ತರಬೇತಿಯಲ್ಲಿ ಕಲಿಸಿದಂತೆ ಎದೆಯನ್ನು ನೋಡಿದೆ, ಮುಖ ನೋಡಲಿಲ್ಲ.

ಬೈಕು ಪಕ್ಕಕ್ಕೆ ಬಂದು ನಿಂತಿತು. ಓಡಿಸುತ್ತಿದ್ದವನು ಹೇಳಿದ: "ಮೇಡಂ, ಸೈಡ್ ಸ್ಟ್ಯಾಂಡ್ ತೆಗ್ದಿಲ್ಲ ನೀವು. ಆಗಿಂದ ಹಾರ್ನ್ ಹೊಡೀತಾ ಇದೀನಿ. ತಿರುವಲ್ಲಿ ಬಿದ್ಬಿಡ್ತೀರ."

ಆಗ ಮುಖ ನೋಡಿದೆ. ನಡುವಯಸ್ಸಿನವನು. ಹಿಂದೆ ಅವನ ಹೆಂಡತಿ ಹಾಲಿನ ಕ್ಯಾನು ತಬ್ಬಿಕೊಂಡು ಕುಳಿತಿದ್ದಳು. ನಾನು ಸ್ಟ್ಯಾಂಡ್ ಒದ್ದು ತೆಗೆದೆ. ಅವರು ಹೋದ ಮೇಲೂ ನನ್ನ ಬಲಗೈ ಬ್ಯಾಗಿನೊಳಗೇ ಇತ್ತು. ಹೊರಗೆ ತೆಗೆದಾಗ ರಿವಾಲ್ವರಿಗೆ ಹಚ್ಚಿದ ಎಣ್ಣೆಯ ವಾಸನೆ ಹೊಡೆಯುತ್ತಿತ್ತು. ಮನೆಗೆ ಬಂದು ಎಷ್ಟು ಸೋಪು ಹಾಕಿ ತೊಳೆದರೂ ಆ ವಾಸನೆ ಹೋಗಲಿಲ್ಲ. ಆ ಕೈಯಿಂದ ಮುದ್ದೆ ಮುರಿಯಲು ಮನಸ್ಸು ಬರಲಿಲ್ಲ, ಚಮಚ ಹಿಡಿದು ಅನ್ನ ತಿಂದೆ.

ಅಷ್ಟಾದರೂ ಮಾರನೆಯ ದಿನ ಅದನ್ನು ಬ್ಯಾಗಿಗೆ ಹಾಕಿಕೊಂಡೇ ಹೊರಟೆ. ಒಮ್ಮೆ ಹೊತ್ತುಕೊಂಡ ಮೇಲೆ ಅದಿಲ್ಲದೆ ಹೊರಗೆ ಕಾಲಿಡುವುದು ಮೊದಲಿಗಿಂತ ಕಷ್ಟ. ಧೈರ್ಯ ಕೊಡುತ್ತದೆ ಎಂದರಲ್ಲ, ಅದು ಇದ್ದಷ್ಟು ಧೈರ್ಯವನ್ನೂ ನನ್ನಿಂದ ಕಿತ್ತುಕೊಂಡು ತನ್ನೊಳಗೆ ಇಟ್ಟುಕೊಂಡಿತ್ತು.

ಅಷ್ಟರಲ್ಲಿ ಚುನಾವಣೆ ಬಂತು. ಚುನಾವಣೆ ಮುಗಿಯುವವರೆಗೆ ಲೈಸೆನ್ಸ್ ಇರುವವರೆಲ್ಲ ಆಯುಧಗಳನ್ನು ಠಾಣೆಗೆ ಒಪ್ಪಿಸಬೇಕು ಎಂಬ ಆದೇಶವಾಯಿತು. ನಾನೂ ಹೋದೆ. ಠಾಣೆಯ ಅಂಗಳದಲ್ಲಿ ಸಾಲು. ಹೆಚ್ಚಿನವರು ಹಂದಿ ಓಡಿಸಲು ಇಟ್ಟುಕೊಂಡ ತೋಟದ ಕೋವಿಗಳನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು, ಗುದ್ದಲಿ ಹಿಡಿದಷ್ಟೇ ಸಹಜವಾಗಿ ನಿಂತಿದ್ದರು. ನಮ್ಮ ಕಡೆಯವರ ಗತ್ತು ಅವರಲ್ಲಿ ಯಾರಿಗೂ ಇರಲಿಲ್ಲ. ಕೆಲವರು ಮಾತ್ರ ಬೇರೆ. ಅವರ ಕೈ ಖಾಲಿ, ಅಂಗಿ ಇಸ್ತ್ರಿಯದು, ಸರದಿ ಬಂದಾಗ ಅಂಗಿ ಸರಿಸಿ ಸೊಂಟದಿಂದ ತೆಗೆದು ಕೊಡುತ್ತಿದ್ದರು.

ಅವರಲ್ಲೊಬ್ಬ ತಿರುಗಿ ನೋಡಿದ. ಲೋಕೇಶ.

ನನ್ನ ಕೈಯಲ್ಲಿದ್ದುದನ್ನು ನೋಡಿದ. ಅವನ ಮುಖ ಅರಳಿತು. ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದ.

"ಮೇಡಂ, ನಿಮ್ಮತ್ರನೂ ಇದೆ ಅಂತ ಕೇಳಿದ್ದೆ, ಈಗ ನೋಡ್ದೆ. ಮೊದ್ಲೇ ಹೇಳ್ಬಾರ್ದಿತ್ತಾ? ಸುಮ್ನೆ ನಾನೂ ತಪ್ಪು ತಿಳ್ಕಂಡೆ, ನೀವೂ ತಪ್ಪು ತಿಳ್ಕಂಡ್ರಿ. ದೊಡ್ಡ ಮನೆತನದವ್ರು ಅಂತ ಗೊತ್ತಾಗಿದ್ರೆ ಆ ಕಿವಿ ವಿಷ್ಯಕ್ಕೆ ನಿಮ್ಮತ್ರ ಬತ್ತಾನೇ ಇರ್ಲಿಲ್ಲ."

ಮುಂದೆ ಇದ್ದ ಪೇದೆಗೆ, "ಮೇಡಂ ಅವ್ರನ್ನ ಮೊದ್ಲು ಬಿಡಪ್ಪಾ, ಕಾಯಿಸ್ಬೇಡ," ಎಂದ. ನನಗೆ ಕುರ್ಚಿ ತರಿಸಿದ. ಹೋಟೆಲಿನಿಂದ ಕಾಫಿ ಹೇಳಿದ. ಆಮೇಲೆ ದನಿ ತಗ್ಗಿಸಿ, ಗೆಳೆಯನಿಗೆ ಗುಟ್ಟು ಹೇಳುವಂತೆ, "ಅವತ್ತು ರೋಡಲ್ಲಿ ನನ್ ಸೊಂಟದಲ್ಲೂ ಇತ್ತು ಮೇಡಂ. ನಿಮ್ ಬ್ಯಾಗಲ್ಲಿ ಅವತ್ತೇ ಇದ್ದಿದ್ರೆ ಏನಾಗಿರೋದು ನೋಡಿ," ಎಂದು ನಕ್ಕ.

ಜೀವಂತ ಹಸುವಿನ ಕಿವಿ ಕೊಯ್ಯಬಾರದು ಎಂದು ನಾನು ಹೇಳಿದ ಮಾತಿಗೆ ಅವನಿಂದ ಸಿಕ್ಕಿದ್ದು ಬೆದರಿಕೆ. ಇಷ್ಟು ಕಬ್ಬಿಣಕ್ಕೆ ಸಿಕ್ಕಿದ್ದು ಕುರ್ಚಿ, ಕಾಫಿ, ನಮಸ್ಕಾರ. ಅದಕ್ಕಿಂತ ಹೇಸಿಗೆಯದು ಇನ್ನೊಂದಿದೆ, ಅದನ್ನೂ ಬರೆಯುತ್ತೇನೆ. ಅವನು ಕೈ ಮುಗಿದ ಕ್ಷಣ ನನಗೆ ಹಿತವಾಗಿತ್ತು. ಒಂದೇ ಕ್ಷಣ, ಎದೆ ಉಬ್ಬಿತು. ಅಂಗಳದ ಜನ ನನ್ನನ್ನು ನೋಡುತ್ತಿದ್ದಾರೆಂದು ಬೆನ್ನು ನೆಟ್ಟಗಾಯಿತು. ಆಮೇಲೆ ಕಾಫಿ ಬಂತು. ಲೋಟವನ್ನು ಹಾಗೆಯೇ ಕಟ್ಟೆಯ ಮೇಲಿಟ್ಟು, ರಿವಾಲ್ವರ್ ಒಪ್ಪಿಸಿ, ಚೀಟಿ ಬರೆಸಿಕೊಂಡು ಹೊರಗೆ ಬಂದು ಚರಂಡಿಯ ಪಕ್ಕದಲ್ಲಿ ನಿಂತು ವಾಂತಿ ಮಾಡಿದೆ.

ಚುನಾವಣೆ ಮುಗಿದ ಮೇಲೆ ಎಲ್ಲರೂ ತಮ್ಮ ತಮ್ಮದನ್ನು ಬಿಡಿಸಿಕೊಂಡು ಹೋದರು. ನಾನು ಹೋಗಲಿಲ್ಲ, ಬೇಡವೆಂದೂ ಬರೆದುಕೊಡಲಿಲ್ಲ. ಆ ದಿನಗಳಲ್ಲೇ ಅವ್ವ ಕಡೂರಿಗೆ ಬಂದಳು. ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ತೋಟದ ನಿಂಬೆಹಣ್ಣು ಹೊತ್ತು ತಂದಿದ್ದಳು. ಸರೋಜಮ್ಮನೂ ಅವ್ವನೂ ಒಬ್ಬರ ಮಾತು ಒಬ್ಬರಿಗೆ ಪೂರ್ತಿ ತಿಳಿಯದೆಯೇ ಅರ್ಧ ದಿನ ಮಾತಾಡಿದರು.

ಮಧ್ಯಾಹ್ನ ಊಟವಾದ ಮೇಲೆ ಅವ್ವನನ್ನು ಕೇಳಿದೆ. ಬಿಡಿಸಿಕೊಳ್ಳಲೋ ಬೇಡವೋ ಎಂದಲ್ಲ, ಅಪ್ಪನ ಜೊತೆ ಅದೂ ಮನೆಯಲ್ಲಿದ್ದಾಗ ನಿನಗೆ ಹೇಗಿತ್ತು ಎಂದು. ಈ ಪ್ರಶ್ನೆಯನ್ನು ಅವಳಿಗೆ ಅದುವರೆಗೆ ಯಾರೂ ಕೇಳಿರಲಿಲ್ಲ. ನಿಂಬೆಹಣ್ಣು ಹೆಚ್ಚುತ್ತಿದ್ದ ಕೈ ನಿಲ್ಲಿಸಲಿಲ್ಲ.

"ನಿಮ್ಮಪ್ಪ ಕೆಟ್ಟಾಂವ ಅಲ್ಲವಾ. ಮದಿವಿ ಆದಾಗ ಭಾಳ ನಗ್ತಿದ್ದ. ಅದು ನಡಕ್ಕ ಬಂದ ಮ್ಯಾಲ ಯಾರ ಮಾತನೂ ಪೂರಾ ಕೇಳಲಿಲ್ಲ. ಯಾರರ ಮಾತಾಡಾಕತ್ರ ಅವರ ಕೈ ನೋಡ್ತಿದ್ದ, ಬಾಯಿ ನೋಡ್ತಿದ್ದಿಲ್ಲ." ಬೀಜ ತೆಗೆದು ಹಾಕುತ್ತಾ ಹೇಳಿದಳು: "ನನ್ನ ಕೈನೂ ನೋಡ್ತಿದ್ದ. ನೀರು ಕೊಡಾಕ ಹ್ವಾದ್ರನೂ."

"ನಿನಗ ಸಿಟ್ಟು ಬರ್ತಿದ್ದಿಲ್ಲೇನವ್ವಾ?"

"ಹೇಸಿಕಿ ಬರ್ತಿತ್ತು," ಎಂದಳು ಅವ್ವ. "ಅವನ ಮ್ಯಾಲ ಅಲ್ಲ. ಅವನ ಅಂಗಿ ಒಗಿಯುವಾಗ, ಅದರ ಎಣ್ಣಿ ವಾಸನಿಗಿ."

ಸೈಡ್ ಸ್ಟ್ಯಾಂಡಿನ ಸಂಜೆಯನ್ನು ಅವಳಿಗೆ ಹೇಳಿದೆ. ಅವಳು ಕೇಳುತ್ತಾ ಉಪ್ಪು ಹಚ್ಚಿದ ಹೋಳುಗಳನ್ನು ಭರಣಿಗೆ ತುಂಬಿದಳು. ಸೋಮವಾರ ನಾನು ಹೋಗಿ ಲೈಸೆನ್ಸ್ ಬೇಡ, ಆಯುಧ ಸರ್ಕಾರಕ್ಕೆ ಒಪ್ಪಿಸುತ್ತೇನೆ ಎಂದು ಬರೆದುಕೊಟ್ಟೆ. "ಅಪ್ಪಂದಂತಲ್ಲ ಮೇಡಂ, ಮಾರಿದ್ರೂ ದುಡ್ಡು ಬತ್ತಿತ್ತು," ಎಂದು ಗುಮಾಸ್ತರು ಮರುಗಿದರು. ಇನ್ನೊಬ್ಬನ ಸೊಂಟಕ್ಕೆ ಅದು ಹೋಗುವುದು ನನಗೆ ಬೇಕಿರಲಿಲ್ಲ.

ಇದರಿಂದ ಲೋಕ ಬದಲಾಗಲಿಲ್ಲ. ಲೋಕೇಶನಿಗೆ ಸುದ್ದಿ ಮುಟ್ಟಿದ ಮೇಲೆ ಅವನ ನಮಸ್ಕಾರ ನಿಂತಿತು. ಬೇರೆ ಯಾರಿಂದಲೋ ಅವನ ಕೆಲಸ ನಡೆಯುತ್ತಿದೆ. ಒಂಟಿ ಕಿವಿಯ ಹಸುಗಳನ್ನು ಆ ಕಡೆಯ ಹಳ್ಳಿಗಳಲ್ಲಿ ನಾನು ಈಗಲೂ ನೋಡುತ್ತೇನೆ, ನೋಡಿದಾಗಲೆಲ್ಲ ವಿಮೆಯವರಿಗೆ ತಿಳಿಸುತ್ತೇನೆ, ಕೆಲವೊಮ್ಮೆ ಅವರು ಕೇಳಿಸಿಕೊಳ್ಳುತ್ತಾರೆ. ಕತ್ತಲಾದ ಮೇಲೆ ಕರೆ ಬಂದರೆ ಕರೆದವರೇ ಬಂದು ಕರೆದೊಯ್ದು ಬಿಡಬೇಕು ಎಂದು ಹೇಳಿಬಿಟ್ಟಿದ್ದೇನೆ. "ಅದ್ಕೇನವ್ವಾ, ನಮ್ ಹುಡುಗ್ರೇ ಬತ್ತಾರೆ," ಎಂದಳು ಗಂಗಮ್ಮ. ಎಲ್ಲರೂ ಹಾಗನ್ನುವುದಿಲ್ಲ. ಕೆಲವರು ನನ್ನನ್ನು ಬಿಟ್ಟು ಗಂಡಸು ಡಾಕ್ಟರನ್ನು ಕರೆಯುತ್ತಾರೆ. ಆ ನಷ್ಟ ನನಗೆ ಗೊತ್ತಿದೆ. ಭಯವೂ ಹೋಗಿಲ್ಲ. ಅದನ್ನೀಗ ನಾನೇ ಹೊರುತ್ತೇನೆ, ಬ್ಯಾಗಿನಲ್ಲಿ ಇಡುವುದಿಲ್ಲ.

ಎಳ್ಳಮಾವಾಸ್ಯೆಗೆ ಊರಿಗೆ ಬಂದಿದ್ದೆ. ನಿಮ್ಮಲ್ಲಿ ಕೆಲವರು ನನ್ನನ್ನು ನೋಡಿದಿರಿ. ತೋಟದಲ್ಲಿ ಚರಗ ಚೆಲ್ಲಿ, ಭೂಮಿಗೆ ಎಡೆ ಕೊಟ್ಟು, ಊಟಕ್ಕೆ ಕುಳಿತಾಗ ಕಾಕಾ ನನ್ನೊಡನೆ ಮಾತಾಡಲಿಲ್ಲ. ಕೊನೆಗೆ ಅವ್ವನಿಗೆ ಹೇಳಿದಂತೆ ಹೇಳಿದ: "ಕಡೂರ ನೀರು ಕುಡದು ಮೆತ್ತಗಾಗ್ಯಾಳ. ಅಪ್ಪನ ಹೆಸರು ಸರ್ಕಾರಕ್ಕ ಕೊಟ್ಟು ಬಂದಾಳ." ಸಜ್ಜೆಯ ಕಡುಬು, ಭಜ್ಜಿ, ಎಣ್ಣೆಗಾಯಿ, ಎಲ್ಲವೂ ನನ್ನ ನಾಲಿಗೆ ಕಾದಿದ್ದ ರುಚಿಯೇ. ಅಷ್ಟರಲ್ಲಿ ಕಾಕಾನ ಜೊತೆ ಬಂದಿದ್ದ ಇಬ್ಬರು, ನೆಮ್ಮದಿಯಾಗಿ ಕೂರಲೆಂದು, ಸೊಂಟದಲ್ಲಿದ್ದ ರಿವಾಲ್ವರುಗಳನ್ನು ತೆಗೆದು ಕಂಬಳಿಯ ಮೇಲೆ, ಊಟದ ತಟ್ಟೆಗಳ ಪಕ್ಕದಲ್ಲಿ ಇಟ್ಟರು. ಚಪ್ಪಲಿ ಕಳಚಿದಷ್ಟೇ ಸಲೀಸಾಗಿ.  ನಾನು ಕೈ ತೊಳೆದುಕೊಂಡು ಎದ್ದೆ. ಆ ಊಟವನ್ನು ಬಿಟ್ಟು ಎದ್ದದ್ದಕ್ಕೆ ಈಗಲೂ ಸಂಕಟವಿದೆ.

ಮರುದಿನ ಬೆಳಿಗ್ಗೆ ಕಡೂರು ಸ್ಟೇಷನ್ನಿನಲ್ಲಿ ಇಳಿದಾಗ ಮೈ ಹಗುರಾಯಿತು. ಹುಟ್ಟಿದ ಊರನ್ನು ಬಿಟ್ಟು ಬಂದು ಹಗುರಾಗುವುದು ಎಂಥ ಬಾಳು ಎಂದು ಅದರ ಹಿಂದೆಯೇ ನಾಚಿಕೆಯೂ ಆಯಿತು. ಪ್ಲಾಟ್‌ಫಾರ್ಮಿನ ಹೊರಗೆ ನಾಲ್ಕಾರು ಗಂಡಸರು ಚಹಾ ಕುಡಿಯುತ್ತಾ ನಿಂತಿದ್ದರು. ಅವರಲ್ಲೊಬ್ಬರು, ನನ್ನಿಂದ ಎಂದೋ ಎಮ್ಮೆಗೆ ಔಷಧಿ ಹಾಕಿಸಿಕೊಂಡವರು, "ಊರಿಂದ ಬಂದ್ರಾ ಡಾಕ್ಟ್ರಮ್ಮ? ಎಲ್ಲಾ ಚೆನ್ನಾಗವ್ರಾ?" ಎಂದು ಕೇಳಿದರು. ಚೆನ್ನಾಗಿದ್ದಾರೆ ಎಂದೆ. ಹೇಳುತ್ತಿರುವಾಗಲೇ ನನಗೆ ಗೊತ್ತಾಯಿತು, ನಾನು ಅವರ ಮುಖ ನೋಡುತ್ತಿರಲಿಲ್ಲ. ಅವರ ಅಂಗಿಯ ಬಲಬದಿ ಉಬ್ಬಿದೆಯೇ ಎಂದು ನೋಡುತ್ತಿದ್ದೆ.